ನೀರಿನ ಬಟ್ಟಲಿಲ್ಲದೆ ಅಕ್ಕಿ ಹಾಳೆ ಸುತ್ತಿದ್ದು

ವಿಯೆಟ್ನಾಮಿನ ಹೊ ಚಿ ಮಿನ್ ನಗರದಲ್ಲಿರುವ ನಮ್ಮ ಕನ್ನಡದವರಲ್ಲಿ ಬಾನ್ ಟ್ರಾಂಗ್ ಎಂಬ ಅಕ್ಕಿಹಿಟ್ಟಿನ ಒಣ ಹಾಳೆಗೆ ಸೊಪ್ಪು ಇಟ್ಟು ಸುತ್ತಿ ತಿನ್ನದವರು ಈಗ ಕಡಿಮೆ. ಆದ್ದರಿಂದ ಅಂಚು ಮಡಚುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಮೂವತ್ತು ಮಂದಿ ಒಟ್ಟಿಗೆ ಕುಳಿತು ತಮ್ಮ ಕೈಯಿಂದಲೇ ಸುತ್ತಿಕೊಂಡು ಉಣ್ಣುವ ಸಸ್ಯಾಹಾರದ ಊಟವನ್ನು ಮೇಜಿನ ಮೇಲೆ ಹಾಳೆ ಅದ್ದುವ ನೀರಿನ ಬಟ್ಟಲೇ ಇಲ್ಲದೆ ನಡೆಸಬಹುದು ಎಂದು ನಾನು ಹೇಳಿದಾಗ ಯಾರೂ ನಂಬಲಿಲ್ಲ. ಪಕ್ಕದ ಮನೆಯ ಅಜ್ಜಿಯಂತೂ ಹಾಳೆಗಳೆಲ್ಲ ಅಂಟಿಕೊಂಡು ಮುದ್ದೆಯಾಗುತ್ತವೆ ಎಂದು ನಕ್ಕರು. ಮೊದಲ ನಾಲ್ಕು ಸಲ ಅವರ ಮಾತೇ ನಿಜವಾಯಿತು.

ಬಟ್ಟಲಿನ ಮೇಲೆ ನನಗೆ ಸಿಟ್ಟು ಬಂದದ್ದು ಒಂದು ರಾಜ್ಯೋತ್ಸವದ ಊಟದಲ್ಲಿ. ಮನೆಯಲ್ಲಿ ನಾಲ್ವರಿದ್ದಾಗ ಹಾಳೆಯನ್ನು ಒಂದೆರಡು ಸೆಕೆಂಡು ತಣ್ಣೀರಿನಲ್ಲಿ ಅದ್ದಿ, ಇನ್ನೂ ಗಟ್ಟಿಯಾಗಿರುವಾಗಲೇ ತಟ್ಟೆಗೆ ಹಾಕಿದರೆ, ಸೊಪ್ಪು ಜೋಡಿಸುವಷ್ಟರಲ್ಲಿ ಅದು ಹದಕ್ಕೆ ಬರುತ್ತದೆ. ಮೂವತ್ತು ಮಂದಿ, ಅದರಲ್ಲೂ ಹತ್ತು ಮಕ್ಕಳು ಸೇರಿದಾಗ ಎಲ್ಲರೂ ಹಾಳೆಯನ್ನು ನೀರಿನಲ್ಲೇ ಬಿಟ್ಟು ಮಾತಿಗೆ ಕೂರುತ್ತಾರೆ. ಅರ್ಧ ಗಂಟೆಯಲ್ಲಿ ನೀರು ಗಂಜಿಯಾಯಿತು, ಹಾಳೆಗಳು ತಟ್ಟೆಗೆ ಅಂಟಿ ಹರಿದವು. ನೂರಿಪ್ಪತ್ತು ಹಾಳೆಗಳಲ್ಲಿ ಐವತ್ತರಷ್ಟು ಕಸದ ಬುಟ್ಟಿಗೆ ಹೋದವು. ಹಸಿವಾದವರು ಕೊನೆಗೆ ಬರಿಯ ತೋಫು ತಿಂದರು.

ಅದಾದ ಮೇಲೆ ತಾಯ್ ನಿನ್ ಪ್ರಾಂತ್ಯದ ಟ್ರಾಂಗ್ ಬಾಂಗ್‌ಗೆ ಹೋದೆ. ನಗರದಿಂದ ಕಾಂಬೋಡಿಯಾ ಗಡಿಯ ಕಡೆಗೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಆ ಊರಿನ ಹೆಸರು ಮಂಜಿನಲ್ಲಿ ಹಾಸಿದ ಹಾಳೆಯಿಂದಲೇ ಬೆಳೆದದ್ದು. 2016ರಲ್ಲಿ ಆ ಕಸುಬನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದರು. ಕುದಿಯುವ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಹಿಟ್ಟನ್ನು ಎರಡು ಪದರವಾಗಿ ಹರಡಿ ಹಬೆಯಲ್ಲಿ ಬೇಯಿಸಿ, ಬಿಸಿಲಿಗೆ ಒಣಗಿಸಿ, ಶೇಂಗಾ ಸಿಪ್ಪೆಯ ಕೆಂಡದ ಮೇಲೆ ಹಗುರವಾಗಿ ಸುಟ್ಟು, ರಾತ್ರಿಯ ಮಂಜಿಗೆ ಹಾಸುತ್ತಾರೆ. ಬೆಳಗಾಗುವ ಮೊದಲು ಎತ್ತಿದ ಆ ಹಾಳೆ ಬಟ್ಟೆಯಂತೆ ಮೆತ್ತಗಿರುತ್ತದೆ, ಅದ್ದುವ ಕೆಲಸವೇ ಇಲ್ಲ. ಶಿರಸಿಯವಳಾದ ನನಗೆ, ಬೋರಲು ಹಾಕಿದ ಮಡಕೆಯ ಮೇಲೆ ಅಮ್ಮ ಎರೆಯುತ್ತಿದ್ದ ತೊಡದೇವು ನೆನಪಾಗದೆ ಹೋಗಲಿಲ್ಲ.

ಮೊದಲು ಅಲ್ಲಿಂದಲೇ ತಂದೆ. ಸಾಮಾನ್ಯ ಹಾಳೆಯ ಮೂರರಷ್ಟು ಬೆಲೆಯಾಯಿತು, ಪೆಟ್ರೋಲು ಬೇರೆ, ಪೊಟ್ಟಣ ಒಡೆದ ಎರಡು ತಾಸಿನಲ್ಲಿ ಉಳಿದದ್ದೆಲ್ಲ ಸೆಟೆದುಕೊಂಡಿತು. ಸಂತೆಯ ಸಾಮಾನ್ಯ ಹಾಳೆಗೇ ಮನೆಯಲ್ಲಿ ಮಂಜು ಕೊಟ್ಟರೇನು ಎಂಬ ಯೋಚನೆ ಬಂದದ್ದು ಆಗ.

ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಪೊಟ್ಟಣ ಬೆಳಿಗ್ಗೆ ಒಂದೇ ಗಟ್ಟಿಯಾಗಿದ್ದವು. ಫ್ರಿಜ್ಜಿನಲ್ಲಿಟ್ಟವು ಅಂಚಿನಿಂದ ಸೀಳಿದವು. ಮೂರನೆಯ ಮತ್ತು ನಾಲ್ಕನೆಯ ಸಲ ತಪ್ಪು ನನ್ನ ವಿಧಾನದ್ದಲ್ಲ, ಹಾಳೆಯದ್ದು ಎಂಬುದು ತಡವಾಗಿ ತಿಳಿಯಿತು: ತೆಳ್ಳಗೆ ಗಾಜಿನಂತೆ ಕಾಣುವ ಹಾಳೆಯಲ್ಲಿ ಮರಗೆಣಸಿನ ಹಿಟ್ಟು ಹೆಚ್ಚು, ತೇವ ತಗುಲಿದರೆ ಅದು ಗೋಂದಿನಂತಾಗುತ್ತದೆ. ಅಕ್ಕಿಯ ಪಾಲು ಹೆಚ್ಚಿರುವ, ಸ್ವಲ್ಪ ದಪ್ಪನೆಯ, ಮಸುಕು ಬಿಳಿಯ ಹಾಳೆಯೇ ಬೇಕು. ಅದನ್ನು ರಾತ್ರಿ ಸ್ಪ್ರೇ ಬಾಟಲಿಯಿಂದ ತೇವ ಮಾಡಿ, ಐದೈದಕ್ಕೊಂದು ಬಾಳೆಲೆ ಹಾಸಿ, ಮುಚ್ಚಳದ ಡಬ್ಬದಲ್ಲಿಟ್ಟರೆ ಬೆಳಿಗ್ಗೆ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಎಷ್ಟು ಸಲ ಸಿಂಪಡಿಸಬೇಕು, ಯಾವ ಮಗ್ಗುಲಿಗೆ ಎಂಬುದನ್ನು ಇಲ್ಲಿ ಬರೆಯಲಾರೆ; ಒಂದು ವರ್ಷ ಹಾಳೆ ಹಾಳು ಮಾಡಿ ಕಲಿತದ್ದು ಅದು. ಕಳೆದ ಯುಗಾದಿಯಂದು ನೂರಿಪ್ಪತ್ತರಲ್ಲಿ ಏಳೋ ಎಂಟೋ ಕೆಟ್ಟಿರಬೇಕು, ಅಷ್ಟೆ.

ಸೊಪ್ಪಿನಲ್ಲಿ ಕಳೆದುಕೊಂಡ ಹಣ ಹಾಳೆಯಲ್ಲಿ ಕಳೆದುಕೊಂಡದ್ದಕ್ಕಿಂತ ಹೆಚ್ಚು. ಅಗ್ಗವೆಂದು ಹಿಂದಿನ ದಿನವೇ ಮೂರು ಕಿಲೋ ತಂದು ತೊಳೆದಿಟ್ಟೆ. ಪುದೀನ ಜಾತಿಯ ತಿಯಾ ಟೋ ಎಲೆಗಳೆಲ್ಲ ಕಪ್ಪಾಗಿ ಒಂದೂವರೆ ಲಕ್ಷ ಡಾಂಗ್, ಎಂದರೆ ನಮ್ಮ ಐನೂರು ರೂಪಾಯಿ, ಚರಂಡಿಗೆ ಹೋಯಿತು. ಈಗ ಬೆಳಗಿನ ಸಂತೆಯಲ್ಲೇ ಕೊಂಡು, ಊಟಕ್ಕೆ ಒಂದು ತಾಸು ಮೊದಲು ತೊಳೆದು, ನೀರು ಪೂರ್ತಿ ಇಳಿಯುವವರೆಗೆ ಬಿದಿರಿನ ಮೊರದಲ್ಲಿ ಹರಡುತ್ತೇನೆ, ಏಕೆಂದರೆ ಮೆತ್ತಗಾದ ಹಾಳೆಗೆ ಎಲೆಯ ಮೇಲಿನ ಹನಿಯೇ ಶತ್ರು. ಪುದೀನ, ತುಳಸಿ ಜಾತಿಯ ಹುಂಗ್ ಕ್ವೆ, ಖಾರದ ರಾವ್ ರಾಮ್ ಇದ್ದರೆ ಸಾಕು. ಮೀನಿನ ವಾಸನೆ ಬರುವ ಡಿಯೆಪ್ ಕಾ ಎಲೆಯನ್ನು ನಮ್ಮವರ ಪಂಕ್ತಿಗೆ ಇಡಬೇಡಿ. ಅದು ಎಲೆಯೇ ಎಂದು ಎಷ್ಟು ಆಣೆ ಇಟ್ಟರೂ ಒಬ್ಬ ಹಿರಿಯರು ತಟ್ಟೆ ಬದಲಿಸಿಕೊಂಡರು. ಟ್ರಾಂಗ್ ಬಾಂಗ್‌ನಲ್ಲಿ ನದಿದಂಡೆಯ ಕಾಡುಸೊಪ್ಪಿನ ಜೊತೆಗೆ ಅಮಟೆಯ ಸಂಬಂಧಿಯಾದ ಕೋಕ್ ಮರದ ಚಿಗುರನ್ನೂ ಬಡಿಸುತ್ತಾರೆ. ಅದರ ಹುಳಿ, ಸಿಪ್ಪೆ ಸಮೇತ ಹೆಚ್ಚಿದ ಎಳೆ ಬಾಳೆಕಾಯಿಯ ಒಗರು, ದಾರೆಹುಳಿಯ ಹೋಳು, ಇವು ಮೂರೂ ಸೇರಿದರೆ ತೋಫುವಿನ ಸಪ್ಪೆ ನಾಲಿಗೆಗೆ ತಿಳಿಯುವುದೇ ಇಲ್ಲ.

ಅದ್ದಿಕೊಳ್ಳುವ ರಸಕ್ಕೂ ಅಡ್ಡದಾರಿ ಹಿಡಿದದ್ದುಂಟು. ಇಲ್ಲಿ ರಾವ್ ಮಾ ಎಂಬ ಹೆಸರಿನಲ್ಲಿ ಒಂದೆಲಗ ಎಲ್ಲೆಲ್ಲೂ ಸಿಗುತ್ತದೆ ಎಂದು ಅದರ ತಂಬುಳಿ ಮಾಡಿ ಇಟ್ಟೆ; ಸುರುಳಿಗೆ ಹತ್ತದೆ ಮೊಣಕೈವರೆಗೆ ಹರಿಯಿತು. ಮೀನು ಹುದುಗಿಸಿ ಮಾಡುವ ಮಾಮ್ ನೇಮ್ ರಸದ ಬದಲಿಗೆ, ಹುದುಗಿಸಿದ ತೋಫುವಾದ ಚಾವ್ ಅನ್ನು ಅರೆದ ಅನಾನಸ್, ನಿಂಬೆ, ಸಕ್ಕರೆ, ಬೆಳ್ಳುಳ್ಳಿ, ಹಸಿಮೆಣಸಿನ ಜೊತೆ ಕಲಸಿದ್ದು ಮಾತ್ರ ನಿಂತಿತು. ಅದಕ್ಕೆ ಬೀಳುವ ಇನ್ನೊಂದು ವಸ್ತು ನನ್ನ ಅಡುಗೆಮನೆಯಲ್ಲೇ ಇರಲಿ. ಚಾಂದ್ರಮಾನದ ಒಂದನೆಯ ಮತ್ತು ಹದಿನೈದನೆಯ ದಿನ ಇಲ್ಲಿನ ಬೌದ್ಧರು ಸಸ್ಯಾಹಾರ ಮಾಡುವುದರಿಂದ ಸಂತೆಯಲ್ಲಿ ತೋಫು ಬೇಗ ಮುಗಿಯುತ್ತದೆ. ಹಿಂದಿನ ದಿನವೇ ಹೇಳಿಡಬೇಕು.

ಯುಗಾದಿಯ ಲೆಕ್ಕ ತಲೆಗೆ ಸುಮಾರು ನಲವತ್ತು ಸಾವಿರ ಡಾಂಗ್‌ಗೆ ನಿಂತಿತು, ಮೊದಲ ರಾಜ್ಯೋತ್ಸವದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಪಕ್ಕದ ಮನೆಯ ಅಜ್ಜಿ ಉಳಿದ ಇಪ್ಪತ್ತು ಹಾಳೆಗಳನ್ನು ಬಾಳೆಲೆಯ ಸಮೇತ ಮನೆಗೆ ಒಯ್ದರು. ಮರುದಿನ ಬಂದು ಎಷ್ಟು ಸಲ ಸಿಂಪಡಿಸಿದೆ ಎಂದು ಕೇಳಿದರು, ಅವರಿಗೊಬ್ಬರಿಗೆ ಹೇಳಿದ್ದೇನೆ. ಹಾಳೆ ಚೆನ್ನಾಗಿದೆ, ಆದರೆ ಅದರೊಳಗೆ ತೋಫು ಇಟ್ಟದ್ದು ವ್ಯರ್ಥ, ಬೇಯಿಸಿದ ಹಂದಿಮಾಂಸವೇ ಸರಿ ಎಂಬುದು ಈಗಲೂ ಅವರ ತೀರ್ಪು.