ನನ್ನ ಹೆರಿಗೆ ರಜೆಯ ಪಗಾರದ ಶೀಟ್ ನಾನೇ ಮಾಡಿದ್ದು

ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಲವತ್ತು ಜನರ ಪಗಾರದ ಶೀಟ್ ನನ್ನ ಕೈಯಲ್ಲೇ ತಯಾರಾಗುತ್ತದೆ. 2023ರಲ್ಲಿ, ಸೇರಿ ಏಳು ತಿಂಗಳಾಗಿದ್ದಾಗ, ರಜೆ ಕೇಳುವ ಹೊತ್ತು ಬಂತು. ಹಳೇ ಫೈಲುಗಳಲ್ಲಿ ಹುಡುಕಿದೆ, ಹೆರಿಗೆ ರಜೆಯ ಒಂದು ಅರ್ಜಿಯೂ ಸಿಗಲಿಲ್ಲ. ಬಸುರಿಯಾದವರು ರಾಜೀನಾಮೆ ಕೊಟ್ಟು ತವರಿಗೆ ಹೋಗಿದ್ದರಂತೆ.

"ಮೂರು ತಿಂಗಳು ತೊಗೋರಿ ಮೇಡಂ, ಎಲ್ಲಾ ಕಡೆ ಅಷ್ಟ ಕೊಡ್ತಾರ" ಅಂದರು ಮ್ಯಾನೇಜರ್. ಅದು ಸುಳ್ಳಲ್ಲ, ಹಳೇ ಮಾತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ 12 ವಾರವನ್ನು 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ 26 ವಾರ ಮಾಡಿತ್ತು. "ಮೊನ್ನೆ ಮೊನ್ನೆ ಸೇರೀರಲ್ರಿ" ಅನ್ನುವ ತಕರಾರೂ ಬಂತು. ಹಾಜರಿ ಪುಸ್ತಕ ಮುಂದಿಟ್ಟೆ. ಡಾಕ್ಟರ್ ಕೊಟ್ಟ ಹೆರಿಗೆ ತಾರೀಖಿನ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ನನ್ನವು ನೂರೈವತ್ತು ದಾಟಿದ್ದವು.

ಅರ್ಜಿ ಎರಡು ಪ್ರತಿ ಬರೆದೆ. ಯಾವತ್ತಿನಿಂದ ಬರುವುದಿಲ್ಲ, ದುಡ್ಡು ಯಾರ ಕೈಗೆ ಕೊಡಬೇಕು, ಆ ಅವಧಿಯಲ್ಲಿ ಬೇರೆ ಕಡೆ ದುಡಿಯುವುದಿಲ್ಲ, ಈ ಮೂರೇ ವಿಷಯ. ಜತೆಗೆ ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ರಿಪೋರ್ಟಿನ ಜೆರಾಕ್ಸ್. ಒಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿ ಬ್ಯಾಗಿಗೆ ಸೇರಿಸಿದೆ.

ನಿಜವಾದ ಜಗ್ಗಾಟ ನಡೆದದ್ದು ಲೆಕ್ಕದಲ್ಲಿ. ನನ್ನ ಪಗಾರ 26,000. 21,000 ದಾಟಿದ್ದರಿಂದ ಇಎಸ್‌ಐ, ಅಂದರೆ ಸರ್ಕಾರದ ನೌಕರರ ವಿಮೆ, ಇಲ್ಲ, ಕೊಡಬೇಕಾದದ್ದು ಕಂಪನಿಯೇ. ಮ್ಯಾನೇಜರ್ ಒಂದು ಚೀಟಿ ಕೊಟ್ಟು "ಹಿಂಗ ಹಾಕ್ರಿ" ಅಂದರು. ಬೇಸಿಕ್ 14,000 ಮಾತ್ರ ಹಿಡಿದು, 182 ದಿನದಲ್ಲಿ 26 ಭಾನುವಾರ ಕಳೆದು, 72,800 ರೂಪಾಯಿ. ಬೇರೆಯವರದಾಗಿದ್ದರೆ ಸುಮ್ಮನೆ ಎಂಟ್ರಿ ಮಾಡುತ್ತಿದ್ದೆನೇನೋ, ಸುಳ್ಳು ಯಾಕೆ ಹೇಳಲಿ. ನನ್ನದೇ ಆದ್ದರಿಂದ ಕಾಯ್ದೆ ತೆಗೆದು ಓದಿದೆ. ಆಗಿನ ಆ ಕಾಯ್ದೆಯ ಪ್ರಕಾರ ವೇತನವೆಂದರೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಎಲ್ಲ ಸೇರಿದ್ದಾಗಿತ್ತು. ಓವರ್‌ಟೈಮ್, ಕಂಪನಿ ಕಟ್ಟುವ ಪಿಎಫ್ ಇಂಥವು ಮಾತ್ರ ಹೊರಗಿದ್ದವು. ಇನ್ನು ಭಾನುವಾರ. ವಾರವೆಂದರೆ ಭಾನುವಾರವೂ ಸೇರಿ ಏಳು ದಿನ ಎಂದು ಸುಪ್ರೀಂ ಕೋರ್ಟ್ ತೋಟದ ಕೆಲಸದ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ 1977ರಲ್ಲೇ ಹೇಳಿಬಿಟ್ಟಿದೆ. ರಜೆಗೆ ಮುಂಚಿನ ಮೂರು ತಿಂಗಳ ಸರಾಸರಿ ತೆಗೆದು, ನಮ್ಮ ಆಫೀಸಿನ ರೂಢಿಯಂತೆ 30ರಿಂದ ಭಾಗಿಸಿ, 182ರಿಂದ ಗುಣಿಸಿದರೆ 1,57,733. ಎರಡು ಚೀಟಿ ಪಕ್ಕಪಕ್ಕ ಇಟ್ಟೆ. ಮ್ಯಾನೇಜರ್ ಬಹಳ ಹೊತ್ತು ಕ್ಯಾಲ್ಕುಲೇಟರ್ ಒತ್ತಿದರು. "ಮಾಲಕರಿಗೆ ನೀವ ಹೇಳ್ರಿ" ಅಂದರು. ಹೇಳಿದೆ. ಎರಡು ದಿನ ಬಿಟ್ಟು ಒಪ್ಪಿಗೆ ಬಂತು.

ಹೆರಿಗೆಗೆ ಮುಂಚೆ ಎಂಟು ವಾರ ರಜೆ ಕಡ್ಡಾಯವೇನೋ ಎಂದು ನಮ್ಮತ್ತೆ ತಿಳಿದಿದ್ದರು. ಎಂಟು ಅನ್ನುವುದು ಹೆಚ್ಚೆಂದರೆ. ನಾನು ಮೂರೇ ವಾರ ಮುಂಚೆ ಹೋದೆ, ಉಳಿದ 23 ವಾರ ಕೂಸಿನ ಜತೆ ಸಿಕ್ಕಿತು. ಡಿಸ್ಚಾರ್ಜ್ ಕಾರ್ಡನ್ನು ನಮ್ಮವರು ಮರುದಿನವೇ ಆಫೀಸಿಗೆ ಮುಟ್ಟಿಸಿದರು. ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಬಾಕಿ ಹಣ ಕೊಡಬೇಕೆಂಬುದು ನಿಯಮ. ನಮ್ಮಲ್ಲಿ ಹನ್ನೊಂದು ದಿನ ಹಿಡಿಯಿತು. ಬಾಣಂತನದಲ್ಲಿ ಜಗಳಕ್ಕೆ ತ್ರಾಣ ಇರಲಿಲ್ಲ, ಬಿಟ್ಟೆ. 3,500 ರೂಪಾಯಿ ಮೆಡಿಕಲ್ ಬೋನಸ್ ಮಾತ್ರ ಬಿಡಲಿಲ್ಲ. ಆಸ್ಪತ್ರೆ ಖರ್ಚು ಕಂಪನಿ ನೋಡಿಕೊಳ್ಳದಿದ್ದರೆ ಅದನ್ನು ಬೇರೆಯಾಗಿ ಕೊಡಬೇಕು. ವಾಪಸು ಬಂದ ತಿಂಗಳು ನಾನೇ ವೋಚರ್ ಬರೆದು ಸಹಿಗೆ ಇಟ್ಟೆ.

ಐವತ್ತು ಜನ ಇಲ್ಲದ್ದರಿಂದ ನಮ್ಮಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಇಲ್ಲ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಇದೆ. ಮನೆ ಹತ್ತಿರ, ಸ್ಕೂಟಿಯಲ್ಲಿ ಹೋಗಿ ಬರುತ್ತಿದ್ದೆ. ಚಹಾಕ್ಕೆ ದಿನಕ್ಕೆ ನಾಲ್ಕು ಸಲ ಹೊರಗೆ ಹೋಗುವವರ ಹೆಸರು ಗೇಟಿನ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ನನ್ನದು ಮಾತ್ರ ದಿನಾ ಎರಡು ಸಲ, ಗಂಟೆ ನಿಮಿಷದ ಸಮೇತ.