ಆಕ್ಷೇಪಣೆ ಸಲ್ಲಿಸುವುದು ಹೇಗೆ, ಕಾನೂನಿನ ಆಸರೆ ಎಲ್ಲಿಯವರೆಗೆ?

ಮುಂಬಯಿಯ ಮಾಟುಂಗಾದಲ್ಲೋ ಮುಲುಂಡಿನಲ್ಲೋ ನಿಮ್ಮ ಸೊಸೈಟಿಯ ಎದುರಿನ ಆಟದ ಮೈದಾನದ ಮೀಸಲನ್ನು, ಅಂದರೆ ನಗರ ಯೋಜನೆಯಲ್ಲಿ ಆ ಜಾಗವನ್ನು ಮೈದಾನಕ್ಕೆಂದೇ ಕಾದಿರಿಸಿರುವುದನ್ನು, ಬದಲಿಸುವ ಪ್ರಸ್ತಾವ ಬಂದಿದೆ ಎಂದುಕೊಳ್ಳಿ. ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ, 1966ರ 37ನೇ ಕಲಮಿನಂತೆ ಅದಕ್ಕೆ ಮೊದಲು ರಾಜಪತ್ರದಲ್ಲಿ ನೋಟಿಸು ಪ್ರಕಟವಾಗಬೇಕು. ಆ ದಿನದಿಂದ ಒಂದು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಮರಾಠಿಯಲ್ಲಿ ಇದನ್ನು ‘ಹರಕತಿ ವ ಸೂಚನಾ’ ಎನ್ನುತ್ತಾರೆ. ಕನ್ನಡ ಪತ್ರಿಕೆಯನ್ನಷ್ಟೇ ತರಿಸುವ ಮನೆಗಳಲ್ಲಿ ಇಂಥ ನೋಟಿಸು ಕಣ್ತಪ್ಪಿಹೋಗುವುದೇ ಹೆಚ್ಚು.

ಪತ್ರದಲ್ಲಿ ನೋಟಿಸಿನ ದಿನಾಂಕ, ಜಾಗದ ಸಿಟಿಎಸ್ (ನಗರ ಸರ್ವೆ) ಸಂಖ್ಯೆ, ನಿಮ್ಮ ಕಾರಣಗಳನ್ನು ಬರೆದು, ಖುದ್ದು ಹೇಳಿಕೊಳ್ಳಲು ಅವಕಾಶ ಕೇಳಿ. ಒಂದು ಪ್ರತಿಯ ಮೇಲೆ, ಪತ್ರ ಸಲ್ಲಿಸಿದ ಕಚೇರಿಯ ಮೊಹರನ್ನೂ ಆವಕ್ (ಸ್ವೀಕೃತಿ) ಸಂಖ್ಯೆಯನ್ನೂ ಹಾಕಿಸಿಕೊಳ್ಳದೆ ಹೊರಬರಬೇಡಿ.

ಯಾರ ಮೇಲಾದರೂ ಆರೋಪ ಹೊರಿಸುವುದಿದ್ದರೆ ಇಲ್ಲಿ ನಿಧಾನಿಸಬೇಕು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಗೆ ಎರಡು ವರ್ಷದವರೆಗಿನ ಸಾದಾ ಸೆರೆವಾಸವನ್ನು ವಿಧಿಸಬಹುದೆನ್ನುತ್ತದೆ. ಆದರೆ ಆ ವಿಷಯದಲ್ಲಿ ಆರೋಪಿತನ ಮೇಲೆ ಕಾನೂನುಬದ್ಧ ಅಧಿಕಾರವುಳ್ಳವರ ಮುಂದೆ ಸದ್ಭಾವದಿಂದ ದೂರಿದರೆ ಅದು ಅಪರಾಧವಲ್ಲವೆಂದು ಅದರ ಎಂಟನೇ ವಿನಾಯಿತಿ ಹೇಳುತ್ತದೆ. ಸದ್ಭಾವವೆಂದರೆ ಒಳ್ಳೆಯ ಮನಸ್ಸು ಮಾತ್ರವಲ್ಲ, ತಕ್ಕ ಎಚ್ಚರವಹಿಸಿ ವಿಚಾರಿಸಿರುವುದೂ ಹೌದು. ಹಾಗಾಗಿ ‘ಬಿಲ್ಡರ್ ಲಂಚ ಕೊಟ್ಟಿದ್ದಾನೆ’ ಎಂದು ಬರೆಯುವ ಬದಲು ‘ಈ ಅನುಮತಿಯ ಕಡತವನ್ನು ಪರಿಶೀಲಿಸಬೇಕು’ ಎಂದು ಬರೆಯಿರಿ. ಅದೇ ಆರೋಪವನ್ನು ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಎಂಟನೇ ವಿನಾಯಿತಿ ನಿಮ್ಮ ಜೊತೆಗೆ ಬರುವುದಿಲ್ಲ. ಮಾತು ಸತ್ಯವೆಂದೂ ಸಾರ್ವಜನಿಕ ಹಿತಕ್ಕಾಗಿ ಆಡಿದ್ದೆಂದೂ ನೀವೇ ತೋರಿಸಬೇಕಾದೀತು.

ನಾಗರಿಕರ ಬಾಯಿ ಮುಚ್ಚಿಸಲೆಂದೇ ಹೂಡುವ ದಾವೆಗಳನ್ನು ಆರಂಭದಲ್ಲೇ ತಳ್ಳಿಹಾಕುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಸರ್ಕಾರ, ಸ್ಥಳೀಯ ಸಂಸ್ಥೆಗಳು ಮಾನಹಾನಿಗೆ ಪರಿಹಾರ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ, ಬಿಲ್ಡರಿಗೆ ಆ ತಡೆಯಿಲ್ಲ. ಪತ್ರಿಕಾ ಲೇಖನವೊಂದರ ಪ್ರಕರಣದಲ್ಲಿ ಅದೇ ನ್ಯಾಯಾಲಯ 2024ರಲ್ಲಿ, ಪೂರ್ಣ ವಿಚಾರಣೆಗೆ ಮೊದಲೇ ಪ್ರಕಟಣೆಗೆ ತಡೆಯಾಜ್ಞೆ ಕೊಡುವಾಗ ಕೆಳ ನ್ಯಾಯಾಲಯಗಳು ಬಹಳ ಎಚ್ಚರದಿಂದಿರಬೇಕೆಂದು ಹೇಳಿ, ಇಂಥ ದಾವೆಗಳ ದುರುಪಯೋಗವನ್ನೂ ಗುರುತಿಸಿತು.

ವಕೀಲರ ನೋಟಿಸು ಬಂದರೆ ಸಿಟ್ಟಿನಲ್ಲಿ ಫೋನ್ ಮಾಡಬೇಡಿ, ಲಿಖಿತವಾಗಿಯೇ ಉತ್ತರಿಸಿ. ಕ್ರಿಮಿನಲ್ ದೂರಾದರೆ, ಅದನ್ನು ವಿಚಾರಣೆಗೆ ಅಂಗೀಕರಿಸುವ ಮೊದಲೇ ನಿಮ್ಮ ಅಹವಾಲು ಕೇಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ ಹೇಳುತ್ತದೆ. ಮೊಹರು ಬಿದ್ದ ಆ ಪ್ರತಿಯನ್ನು ಅಂದು ಕೈಯಲ್ಲಿಟ್ಟುಕೊಂಡು ಹೋಗಿ.