ಹಾಡ್ಕಿ ರೆಕಾರ್ಡ್ ಮಾಡುವುದು ಹೇಗೆ? ಮೊದಲು ಹಾಡುವವರನ್ನು ಕೇಳಿ

ಇಂಡಿ ತಾಲ್ಲೂಕಿನ ಒಂದು ಊರಿನ ಜಾತ್ರೆ. ರಾತ್ರಿ ಹತ್ತಕ್ಕೆ ಕೂತ, ಎರಡು ಮೇಳಗಳು ಸವಾಲು ಜವಾಬಿನಲ್ಲಿ ಎದುರುಬದುರು ಹಾಡುವ ಹರದೇಶಿ–ನಾಗೇಶಿ ಹಾಡ್ಕಿ ಬೆಳಗಿನ ಜಾವ ನಾಲ್ಕಾದರೂ ಮುಗಿದಿರಲಿಲ್ಲ. ಕಟ್ಟೆಯ ಬುಡಕ್ಕೆ ಸಾಲಾಗಿ ಮೊಬೈಲ್‌ಗಳು ನಿಂತಿದ್ದವು, ಅದರಲ್ಲಿ ನನ್ನದೂ ಒಂದು. ದಪ್ಪು, ತುಂತುಣಿ ವಾದ್ಯಗಳನ್ನು ಗಂಟು ಕಟ್ಟುವ ಹೊತ್ತಿಗೆ ನಾಗೇಶಿ ಮೇಳದ ಹಾಡುಗಾರ್ತಿ ನಮ್ಮ ಕಡೆ ತಿರುಗಿ, “ಎಲ್ಲಾರೂ ತುಂಬ್ಕೊಂಡ್ರಿ. ನನಗೊಂದು ಕಾಪಿ ಯಾರ್ ಕೊಡ್ತೀರಿ ತಮ್ಮಾ?” ಅಂದರು. ಇಪ್ಪತ್ತು ವರ್ಷ ಹಾಡಿದ ಆ ಅಕ್ಕಾರ ಹತ್ತಿರ ತಮ್ಮ ದನಿಯ ಒಂದು ಪದವೂ ಇರಲಿಲ್ಲ. ನಾನು “ಕೊಡ್ತೀನ್ರೀ ಅಕ್ಕಾರ” ಅಂದೆ. ಕೊಡಲಿಲ್ಲ. ವಾರದೊಳಗೆ ಅದರದೊಂದು ತುಣುಕನ್ನು ಮಾತ್ರ ಯೂಟ್ಯೂಬಿಗೆ ಬಿಟ್ಟೆ.

ಅದರಿಂದ ಆದದ್ದನ್ನು ಮುಂದೆ ಹೇಳುತ್ತೇನೆ. ರೆಕಾರ್ಡ್ ಮಾಡುವುದೇ ತಪ್ಪು ಎಂಬುದು ನನ್ನ ಮಾತಲ್ಲ. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರ ಎಷ್ಟೋ ಬೈಠಕ್‌ಗಳು ಇಂದು ನಮ್ಮ ಕಿವಿಗೆ ಬೀಳುತ್ತಿರುವುದು ಯಾರೋ ರಸಿಕರು ಅಂದು ಟೇಪು ತಿರುಗಿಸಿ ಇಟ್ಟುಕೊಂಡಿದ್ದರಿಂದ. ಹಾಡು ಉಳಿಯಬೇಕು, ಹಾಡಿದವರ ಮಾನವೂ ಪಾಲೂ ಉಳಿಯಬೇಕು. ಎರಡೂ ಆಗುವ ದಾರಿ ಇದೆ.

ಮೊದಲ ಹೆಜ್ಜೆ: ಹಾಡಿನಲ್ಲಿ ಯಾರ್‍ಯಾರ ಪಾಲಿದೆ, ತಿಳಿಯಿರಿ

ವೇದಿಕೆಯ ಮೇಲಿನ ಒಂದು ಹಾಡಿನಲ್ಲಿ ಮೂರು ಪಾಲಿರುತ್ತದೆ: ಪದ ಬರೆದವರದು, ಧಾಟಿ ಕಟ್ಟಿದವರದು, ಆ ಹೊತ್ತಿಗೆ ಅಲ್ಲಿ ಕೂತು ಹಾಡಿದವರದು. ನಮ್ಮ ದೇಶದಲ್ಲಿ ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬಸವಣ್ಣನವರ ವಚನಕ್ಕೆ ಆ ಲೆಕ್ಕ ಬರುವುದಿಲ್ಲ. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಕ್ಕೂ ಇಲ್ಲ. ಬೇಂದ್ರೆಯವರು ಹೋದದ್ದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಉಂಟು.

ಜನ ಎಡವುವುದು ಮೂರನೆಯ ಪಾಲಿನಲ್ಲಿ. “ಜಾನಪದ ಅಂದ್ರ ಎಲ್ಲಾರದೂ, ಯಾರನ್ನ ಕೇಳೂದು?” ಎನ್ನುತ್ತಾರೆ. ಹಲಸಂಗಿಯ ಗೆಳೆಯರು ಊರೂರು ತಿರುಗಿ ಬರೆದುಕೊಂಡ ಗರತಿಯರ ಪದಗಳಿಗೆ ಕಟ್ಟಿದವರ ಹೆಸರು ಸಿಗುವುದಿಲ್ಲ, ನಿಜ. ಆದರೆ ಬೀಸುವ ಪದವನ್ನು ಇವತ್ತು ನಿಮ್ಮೆದುರು ಕೂತು ಹಾಡಿದ ಆಯಿಯ ದನಿಗೆ ಹೆಸರಿದೆ. ಕೃತಿಸ್ವಾಮ್ಯ ಕಾಯ್ದೆ 1957ರದ್ದಾದರೂ ಹಾಡುವವರ, ನುಡಿಸುವವರ ಹಕ್ಕು ಅದರೊಳಗೆ ಸೇರಿದ್ದು 1994ರ ತಿದ್ದುಪಡಿಯಲ್ಲಿ. 2012ರಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. ಗಾಯಕರು, ವಾದ್ಯದವರು, ನಟರು, ಕುಣಿಯುವವರಷ್ಟೇ ಅಲ್ಲ, ದೊಂಬರಾಟದವರು, ಹಾವಾಡಿಗರು, ಉಪನ್ಯಾಸ ಕೊಡುವವರು ಕೂಡ ಆ ಪಟ್ಟಿಯಲ್ಲಿದ್ದಾರೆ. ದೊಡ್ಡ ಉಸ್ತಾದರಿಗೆ ಒಂದು, ಕರಡಿ ಮಜಲು ಬಾರಿಸುವವರಿಗೆ ಇನ್ನೊಂದು ಎಂಬ ಭೇದ ಕಾಯ್ದೆಯಲ್ಲಿಲ್ಲ. ಹಾಡಿದ ಮರುವರ್ಷದ ಜನವರಿಯಿಂದ ಎಣಿಸಿ 50 ವರ್ಷ ಈ ಹಕ್ಕು ನಡೆಯುತ್ತದೆ. 2025ರ ಜಾತ್ರೆಯಲ್ಲಿ ಹಾಡಿದ ಪದದ ಮೇಲೆ ಹಾಡಿದವರ ಹಕ್ಕು 2075ರ ಕೊನೆಯವರೆಗೆ ಇರುತ್ತದೆ.

ಎರಡನೆಯದು: ಸ್ವಂತಕ್ಕೆ ಎಷ್ಟು, ಊರಿಗೆ ಎಷ್ಟು

ಕಾಯ್ದೆಯ 39ನೇ ಕಲಮು ಓದಿದಾಗ ನನಗೆ ಸಮಾಧಾನವಾಯಿತು. ರೆಕಾರ್ಡ್ ಮಾಡಿಕೊಂಡವರು ತಮ್ಮ ಖಾಸಗಿ ಬಳಕೆಗೆ ಇಟ್ಟುಕೊಂಡರೆ ಅದು ಕಲಾವಿದರ ಹಕ್ಕಿನ ಉಲ್ಲಂಘನೆಯಲ್ಲ. ನಿಜವಾಗಿ ಪಾಠ ಹೇಳಲು, ಸಂಶೋಧನೆಗೆ ಮಾತ್ರ ಮಾಡಿಕೊಂಡರೂ ಅಲ್ಲ. ಸುದ್ದಿ ಬರೆಯುವವರು, ವಿಮರ್ಶೆ ಮಾಡುವವರು ನ್ಯಾಯವಾಗಿ ಚಿಕ್ಕ ತುಣುಕನ್ನು ಬಳಸಬಹುದು. ಹೊಲಕ್ಕೆ ಹೋಗುವಾಗ ಟ್ರ್ಯಾಕ್ಟರಿನಲ್ಲಿ ಕೇಳಲು, ರಾತ್ರಿ ಮಲಗುವ ಮುಂಚೆ ಕೇಳಲು ತುಂಬಿಕೊಂಡರೆ ಯಾರೂ ನಿಮ್ಮನ್ನು ಕಳ್ಳ ಅನ್ನಲಾರರು.

ಇನ್ನೂರು ಜನರ ವಾಟ್ಸ್ಆ್ಯಪ್ ಗುಂಪನ್ನು ಮಾತ್ರ ಖಾಸಗಿ ಎನ್ನಲಾಗದು. ಯೂಟ್ಯೂಬ್, ಫೇಸ್‌ಬುಕ್ ಅಂತೂ ಅಲ್ಲವೇ ಅಲ್ಲ. ಮೆಮೊರಿ ಕಾರ್ಡಿಗೆ ತುಂಬಿಸಿ ಸಂತೆಯಲ್ಲಿ ಮಾರುವುದು ನೇರ ವ್ಯಾಪಾರ. ಗೊತ್ತಿದ್ದೂ ಹಕ್ಕು ಮೀರಿದವರಿಗೆ ಆರು ತಿಂಗಳಿಂದ ಮೂರು ವರ್ಷದ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಎಂದು ಕಾಯ್ದೆ ಹೇಳುತ್ತದೆ. ವ್ಯಾಪಾರದ ಲಾಭಕ್ಕಾಗಿ ಮಾಡಿಲ್ಲವೆಂದಾದರೆ ನ್ಯಾಯಾಲಯ ಕಾರಣ ಬರೆದು ಕಡಿಮೆ ಮಾಡಬಹುದು.

“ದೇವರ ಕಾರ್ಯದಾಗ ಹಾಡಿದ್ದಕ್ಕ ಕಾಪಿರೈಟ್ ಇಲ್ಲ” ಎಂಬ ಮಾತನ್ನೂ ಕೇಳಿದ್ದೇನೆ. ಧಾರ್ಮಿಕ ಸಮಾರಂಭದಲ್ಲಿ, ಮದುವೆಯ ಮೆರವಣಿಗೆಯಲ್ಲಿ ಬೇರೊಬ್ಬರು ಬರೆದ ಹಾಡನ್ನು ಹಾಡಲು, ನುಡಿಸಲು ವಿನಾಯಿತಿ ಇರುವುದು ಹೌದು. ಆದರೆ ಅದು ಹಾಡುವವರಿಗೆ ಸಿಕ್ಕ ವಿನಾಯಿತಿ. ಅದನ್ನು ಮೊಬೈಲಿಗೆ ಇಳಿಸಿ ಜಗತ್ತಿಗೆ ಬಿಡುವ ನಮಗೆ ಸಿಕ್ಕದ್ದಲ್ಲ. ಟಿಕೆಟ್ ಇಲ್ಲದ ಕಾರ್ಯಕ್ರಮ ಎಂಬ ಕಾರಣಕ್ಕೂ ಹಾಡಿದವರ ಹಕ್ಕು ಕರಗುವುದಿಲ್ಲ.

ಮೂರನೆಯದು: ಕೇಳುವ ರೀತಿ

ಸ್ವಂತಕ್ಕೆ ಕಾಯ್ದೆ ಬಿಟ್ಟಿದ್ದರೂ ಕೇಳಿಯೇ ರೆಕಾರ್ಡ್ ಮಾಡಿ ಎಂಬುದು ನನ್ನ ಹಟ. ಕೇಳಬೇಕಾದದ್ದು ಹಾಡು ಶುರುವಾಗುವ ಮೊದಲು. ಚಹಾ ಕುಡಿಯುತ್ತ ಕೂತಿದ್ದಾಗ ಹತ್ತಿರ ಹೋಗಿ, “ಅಕ್ಕಾರ, ನಿಮ್ಮ ಪದ ಮೊಬೈಲ್‌ನ್ಯಾಗ ತುಂಬ್ಕೋಬೇಕಂತ ಮಾಡೀನ್ರೀ. ಮನ್ಯಾಗ ಕೇಳಾಕಷ್ಟ. ನಡಿತೈತೇನ್ರೀ?” ಎಂದು ಕೇಳಿ. ಹೊರಗೆ ಬಿಡುವ ಮನಸ್ಸಿದ್ದರೆ ಅದನ್ನು ಬೇರೆ ಮಾತಾಗಿ ಕೇಳಿ. “ಹೂಂ ತುಂಬ್ಕೋ” ಅಂದದ್ದು “ಊರಿಗೆಲ್ಲ ಬಿಡು” ಅಂದ ಹಾಗಲ್ಲ. ಮೇಳದಲ್ಲಿ ಮುಂದಾಳು ಒಬ್ಬರೇ ಇದ್ದರೂ ಹಕ್ಕು ಹಿಮ್ಮೇಳದವರಿಗೂ ಇದೆ. ಹೊರಗೆ ಬಿಡುವುದಾದರೆ ಎಲ್ಲರ ಒಪ್ಪಿಗೆಯನ್ನೂ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಇಲ್ಲವೇ ರೆಕಾರ್ಡಿಂಗಿನ ಶುರುವಿನಲ್ಲೇ ಅವರ ಬಾಯಿಂದ ಹೇಳಿಸಿ.

ಬೈಠಕ್‌ನಲ್ಲಿ ಇನ್ನೂ ಜೋಪಾನ. ಮೂವತ್ತು ಜನ ಕೂತ ಕೋಣೆಯಲ್ಲಿ ಗಾಯಕರು ಹೊಸ ದಾರಿ ಹುಡುಕುತ್ತಾರೆ, ಸಿಗದಿದ್ದರೆ ತಿರುಗಿ ಬರುತ್ತಾರೆ. ಎದುರಿಗೆ ಮೊಬೈಲ್ ಉರಿಯುತ್ತಿದೆ ಎಂದು ಗೊತ್ತಾದರೆ ಆ ಧೈರ್ಯ ಹೋಗುತ್ತದೆ, ಗಟ್ಟಿಯಾಗಿ ಬರುವಷ್ಟನ್ನೇ ಹಾಡಿ ಏಳುತ್ತಾರೆ. ನಷ್ಟ ಕೇಳುವವರಿಗೇ.

ಕಿತ್ತೂರು ಉತ್ಸವ, ನವರಸಪುರ ಉತ್ಸವ, ಚಾಲುಕ್ಯ ಉತ್ಸವದಂಥ ಸರ್ಕಾರಿ ವೇದಿಕೆಗಳಲ್ಲಿ ಸಂಘಟಕರನ್ನೂ ಕೇಳಿ; ದೊಡ್ಡ ಕಲಾವಿದರು ಬರುವಾಗ ಕರಾರಿನಲ್ಲೇ ಷರತ್ತು ಇರಬಹುದು.

ಬಾದಾಮಿಯ ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳ ವಿಷಯದಲ್ಲಿ ನನ್ನದು ಒಂದೇ ಮಾತು: ಮೊಬೈಲ್ ಕಿಸೆಯಲ್ಲಿರಲಿ. ಬನದ ಹುಣ್ಣಿಮೆಯಿಂದ ಶುರುವಾಗಿ ವಾರಗಟ್ಟಲೆ ನಡೆಯುವ ಆ ನಾಟಕಗಳ ಬದುಕು ಪ್ರತಿ ರಾತ್ರಿಯ ಗಲ್ಲಾದ ಮೇಲೆ ನಿಂತಿದೆ. ನಾಟಕ ಬರೆದವರ ಹಕ್ಕು, ಆಡುವವರ ಹಕ್ಕು ಎರಡೂ ಅಲ್ಲಿವೆ. ಹಾಸ್ಯದ ದೃಶ್ಯವನ್ನು ಮನೆಯಲ್ಲೇ ನೋಡಿದವರು ನಾಳೆ ಟಿಕೆಟ್ ಯಾಕೆ ತೆಗೆದಾರು?

ನಾಲ್ಕನೆಯದು: ರೆಕಾರ್ಡಿಂಗ್

ವಿಡಿಯೊ ಬೇಡ, ದನಿ ಸಾಕು. ವಿಡಿಯೊದಲ್ಲಿ ಮುಂದೆ ಕೂತ ಹೆಣ್ಣುಮಕ್ಕಳು, ಮಕ್ಕಳು ಕೇಳದೆಯೇ ಸೇರಿಬಿಡುತ್ತಾರೆ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲವಾದರೆ ನಡುವೆ ಫೋನ್ ಬಂದು ಪದ ಕಡಿಯುತ್ತದೆ. ಸ್ಪೀಕರ್ ಪೆಟ್ಟಿಗೆಯ ಎದುರು ಇಡಬೇಡಿ. ಡೊಳ್ಳಿನ ಏಟಿಗೆ ದನಿ ಒಡೆಯುತ್ತದೆ. ಹತ್ತು ಹೆಜ್ಜೆ ಹಿಂದೆ, ಒಂದು ಮಗ್ಗುಲಿಗೆ, ಮಡಚಿದ ಟವೆಲ್ಲಿನ ಮೇಲಿಡಿ. ಮಟ್ಟ ತಗ್ಗಿಸಲು ಬರುವ ಆ್ಯಪ್ ಇದ್ದರೆ ತಗ್ಗಿಸಿ. ಮೊದಲಿಗೆ ತಾರೀಖು, ಊರು, ಮೇಳದ ಎಲ್ಲರ ಹೆಸರು ನೀವೇ ಮೆಲ್ಲಗೆ ಹೇಳಿ. ಹತ್ತು ವರ್ಷದ ಮೇಲೆ ಆ ಅರ್ಧ ನಿಮಿಷವೇ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗುತ್ತದೆ.

ಐದನೆಯದು: ಹೊರಗೆ ಬಿಡುವ ಮುನ್ನ

ಈಗ ನನ್ನ ತಪ್ಪಿನ ಕಥೆ. ಹರದೇಶಿಯವರು ಶಿವ ದೊಡ್ಡವ ಎಂದು ಹಾಡಿದರೆ ನಾಗೇಶಿಯವರು ಶಕ್ತಿ ದೊಡ್ಡಾಕಿ ಎಂದು ಹಾಡುತ್ತಾರೆ. ಒಬ್ಬರು ಸವಾಲು ಹಾಕಿ ಕೆಣಕುವುದು, ಎದುರಿನವರು ಜವಾಬು ಕೊಟ್ಟು ತಿವಿಯುವುದು ಆಟದ ನಿಯಮ. ಬೆಳಗಾದ ಮೇಲೆ ಎರಡೂ ಮೇಳದವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ನಾನು ಬಿಟ್ಟ ಏಳು ನಿಮಿಷದ ತುಣುಕಿನಲ್ಲಿ ಅಕ್ಕಾರ ಕೆಣಕಿದ ಸವಾಲು ಮಾತ್ರ ಇತ್ತು. ಅದಕ್ಕೂ ಮುಂಚಿನ ಹರದೇಶಿಯವರ ಪದವಿರಲಿಲ್ಲ, ನಂತರದ ಜವಾಬೂ ಇರಲಿಲ್ಲ. ಎದುರು ಮೇಳದ ಊರಿನವರು ಬೈಗುಳವೆಂದೇ ತಿಳಿದು ಸಿಟ್ಟಾದರು. ಅಕ್ಕಾರಿಗೆ ಹಾಡಲು ಕರೆದು ಕೊಟ್ಟಿದ್ದ ಒಂದು ವೀಳ್ಯ ತಿರುಗಿ ಹೋಯಿತು. ತುಣುಕಿನ ಕೆಳಗೆ ನಾನು ಅವರ ಹೆಸರನ್ನೂ ಬರೆದಿರಲಿಲ್ಲ, ಆದರೂ ದನಿಯ ಗುರುತು ಹಿಡಿಯಲು ಯಾರಿಗೂ ಹೊತ್ತು ಬೇಕಾಗಲಿಲ್ಲ.

ಕಾಯ್ದೆಯ 38ಬಿ ಕಲಮು ಇಂಥದ್ದಕ್ಕೇ ಇದೆ. ಇದನ್ನು ಹಾಡಿದವರು ಇವರು ಎಂದು ಹೆಸರು ಹೇಳಿಸಿಕೊಳ್ಳುವುದು ಕಲಾವಿದರ ಹಕ್ಕು. ಅವರ ಹೆಸರಿಗೆ ಮಸಿ ಹತ್ತುವಂತೆ ಹಾಡನ್ನು ತಿರುಚಿದರೆ, ಕತ್ತರಿಸಿದರೆ ತಡೆಯುವುದು, ಪರಿಹಾರ ಕೇಳುವುದೂ ಅವರ ಹಕ್ಕು. ಉದ್ದವಾಯಿತೆಂದು ಮೊಟಕು ಮಾಡಿದರೆ ಅಷ್ಟಕ್ಕೇ ತಪ್ಪಾಗುವುದಿಲ್ಲ. ಅರ್ಥ ತಿರುಗುವಂತೆ ಕತ್ತರಿಸಿದರೆ ಅದು ಬೇರೆ. ಹಾಡ್ಕಿಯಲ್ಲಿ ಆ ಗೆರೆ ಎಲ್ಲಿದೆ ಎಂಬುದು ಈಗ ನನಗೆ ಗೊತ್ತು: ಸವಾಲಿದ್ದಲ್ಲಿ ಜವಾಬು ಇರಲೇಬೇಕು. ಎರಡನ್ನೂ ಹಾಕಲು ಆಗದಿದ್ದರೆ ಎರಡೂ ಬೇಡ.

ತೆಗೆದುಹಾಕು ಎಂದು ಹಾಡಿದವರು ಹೇಳಿದರೆ ಅದೇ ದಿನ ತೆಗೆಯಿರಿ. ನೀವು ತೆಗೆಯದಿದ್ದರೆ ಅವರು ಆ ಜಾಲತಾಣಕ್ಕೇ ಲಿಖಿತ ದೂರು ಕೊಡಬಹುದು. ದೂರು ಸರಿಯಾಗಿದ್ದರೆ ತಾಣದವರು 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. ಆ ತಡೆ 21 ದಿನದ್ದು, ಅಷ್ಟರೊಳಗೆ ದೂರು ಕೊಟ್ಟವರು ನ್ಯಾಯಾಲಯದ ಆದೇಶ ತರಬೇಕು. ಜಾಹೀರಾತಿನಿಂದ ನಿಮಗೆ ಹಣ ಬರುತ್ತಿದ್ದರೆ ಹಾಡಿದವರ ಪಾಲು ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ.

ಮೊದಲ ಹೆಜ್ಜೆಯಿಂದಲೇ ಒಪ್ಪಿಗೆ ಇದ್ದರೆ ಎಷ್ಟು ಚೆಂದ ನಡೆಯುತ್ತದೆ ಎಂಬುದಕ್ಕೆ ಅಮೆರಿಕದ ರಾಕ್ ಸಂಗೀತದ ಗ್ರೇಟ್‌ಫುಲ್ ಡೆಡ್ ತಂಡ ಸಾಕ್ಷಿ. 1984ರಿಂದ ಅವರು ಟೇಪು ಮಾಡುವ ಅಭಿಮಾನಿಗಳಿಗೆಂದೇ ಜಾಗ ಬಿಟ್ಟಿದ್ದರು. ಹಂಚಿಕೊಳ್ಳಬಹುದಿತ್ತು, ಮಾರುವಂತಿರಲಿಲ್ಲ.

ಕೊನೆಯದು: ಮೊದಲ ಕಾಪಿ ಹಾಡಿದವರಿಗೆ

ಮರುವರ್ಷ ಅದೇ ಜಾತ್ರೆಗೆ ಹೋಗುವಾಗ ಇಡೀ ರಾತ್ರಿಯ ರೆಕಾರ್ಡಿಂಗನ್ನು ಪೆನ್ ಡ್ರೈವಿಗೆ ಹಾಕಿ, ಮೆಮೊರಿ ಕಾರ್ಡಿಗೂ ತುಂಬಿ ಒಯ್ದೆ. ಎರಡು ಯಾಕೆಂದರೆ ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಇರುವುದಿಲ್ಲ, ಕಾರ್ಡು ಹಾಕುವ ಸ್ಪೀಕರ್ ಇರುತ್ತದೆ. ಯೂಟ್ಯೂಬಿನ ತುಣುಕನ್ನು ಅಷ್ಟರಲ್ಲಿ ತೆಗೆದಿದ್ದೆ, ಅದನ್ನೂ ಹೇಳಿ ತಪ್ಪಾಯ್ತೆಂದೆ. ಅಕ್ಕಾರ ಏನೂ ಅನ್ನದೆ ಕಾರ್ಡನ್ನು ಸ್ಪೀಕರಿಗೆ ಹಾಕಿಸಿ ಕೇಳುತ್ತ ಕೂತರು. ಮೂರನೆಯ ಪದದಲ್ಲಿ ಕೈ ಎತ್ತಿ ನಿಲ್ಲಿಸಿದರು. “ಇಲ್ಲಿ ತಾಳ ತಪ್ಪೈತಿ ನೋಡ್. ಇದನ್ನ ಯಾರಿಗೂ ಕೇಳಿಸಬ್ಯಾಡ. ಮುಂದಿನ ಪದ ಚೊಲೊ ಬಂದೈತಿ. ಅವರ ಜವಾಬು ಸೈತ ಹಚ್ಚಿ, ಅದನ್ನ ಬಿಡು.”